ಪರದೇಶವಾಸವೂ ಪ್ರಸಾದನಿಲಯದ ಪಾಠವೂ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ತಬ್ಬಲಿ ಎಂಬುದು ಇನ್ನೊಂದು. ಮೊದಲನೆಯದು ಸಂಸ್ಕೃತ ಪದವು ತಾನಾಗಿ ಕೊಡುವ ಅರ್ಥ. ಎರಡನೆಯದು ಜನರು ತಮ್ಮ ಅನುಭವದಿಂದ ಅದಕ್ಕೆ ಕೂಡಿಸಿದ ಅರ್ಥ. ತಂದೆತಾಯಿಗಳಿಲ್ಲದ ಕೂಸನ್ನು ಕಂಡು ‘ಪರದೇಶಿ ಆತಲ್ಲ’ ಎಂದು ಮರುಗುವ ಹಳ್ಳಿಯ ಮುದುಕಿಗೆ ಯಾವ ದೇಶದ ಸ್ಮರಣೆಯೂ ಇರುವುದಿಲ್ಲ. ಊರು, ನೆಂಟರು, ನುಡಿ ಈ ಮೂರರಿಂದಲೂ ಅಗಲಿದವನ ಗತಿ ತಬ್ಬಲಿಯ ಗತಿಯೇ ಎಂಬ ತಿಳಿವು ಆ ಒಂದು ಮಾತಿನಲ್ಲಿ ಅಡಗಿದೆ. ಪರದೇಶಕ್ಕೆ ಹೋದವನು ಈ ಎರಡನೆಯ ಅರ್ಥದ ಪರದೇಶಿಯಾಗದೆ ಬಾಳುವುದು ಹೇಗೆ? ಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಇಂದು ಯೋಚಿಸಲೇಬೇಕಾದ ಪ್ರಶ್ನೆ ಇದು.

ಒಂದೆರಡು ತಲೆಮಾರುಗಳ ಹಿಂದೆ ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ಸವಣೂರು ಸೀಮೆಯಲ್ಲಿ ಕಲಿತ ಹುಡುಗನಿಗೆ ದೂರವೆಂದರೆ ಧಾರವಾಡ, ಬಹುದೂರವೆಂದರೆ ಮುಂಬಯಿ. ಈಗ ಹಾಗಿಲ್ಲ. ಪರದೇಶವೆಂದೊಡನೆ ಅಮೆರಿಕ, ಇಂಗ್ಲೆಂಡುಗಳೇ ಮನಸ್ಸಿಗೆ ಬರುವುದಾದರೂ, ಕನ್ನಡನಾಡಿನಿಂದ ಹೊರಟವರೆಲ್ಲರೂ ಅಲ್ಲಿಗೇ ಹೋಗುತ್ತಿಲ್ಲ. ಯಂತ್ರಗಳನ್ನು ನಿಲ್ಲಿಸಲು, ಲೆಕ್ಕಪತ್ರ ನೋಡಲು, ಪಾಠ ಹೇಳಲು, ಔಷಧ ಮಾರಲು ಆಫ್ರಿಕಾ ಖಂಡದ ದೇಶಗಳಿಗೆ ಹೋಗುವವರಿದ್ದಾರೆ. ಬೆಂಗಳೂರಿನಿಂದ ಹೊರಟು ಕೀನ್ಯಾ, ಇಥಿಯೋಪಿಯಗಳಲ್ಲಿ ಗುಲಾಬಿಯ ತೋಟ ಮಾಡಿದವರಿದ್ದಾರೆ. ಇನ್ನೂ ಅಭಿವೃದ್ಧಿಯ ದಾರಿಯಲ್ಲಿರುವ ಇಂಥ ದೇಶಗಳಲ್ಲಿ ನಿತ್ಯದ ಬದುಕನ್ನು ಹೊಂದಿಸಿಕೊಳ್ಳುವುದು ಸಿರಿವಂತ ದೇಶದಲ್ಲಿ ಹೊಂದಿಸಿಕೊಳ್ಳುವುದಕ್ಕಿಂತ ಬೇರೆ ಬಗೆಯ ಕೆಲಸ. ಅದಕ್ಕೆ ಬೇಕಾದ ಸಿದ್ಧತೆಯೂ ಬೇರೆಯೇ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಸಿರಿವಂತ ದೇಶಕ್ಕೆ ಹೋದ ಕನ್ನಡಿಗನು ಅಲ್ಲಿಯ ಹಿಮವನ್ನು ಸಹಿಸುತ್ತಾನೆ. ತನ್ನ ತಟ್ಟೆಯನ್ನು ತಾನೇ ತೊಳೆಯುತ್ತಾನೆ. ಸರದಿಯ ಸಾಲಿನಲ್ಲಿ ಬಾಯಿ ಮುಚ್ಚಿ ನಿಲ್ಲುತ್ತಾನೆ. ಇದೆಲ್ಲವನ್ನೂ ನಾಗರಿಕತೆಯೆಂದು ಹೊಗಳಿ ಊರಿಗೆ ಬಂದಾಗ ಹತ್ತು ಜನರೆದುರಿಗೆ ಹೇಳುತ್ತಾನೆ. ಅದೇ ಮನುಷ್ಯನು ಬಡದೇಶಕ್ಕೆ ಹೋದರೆ ಹೋದ ಮರುದಿನದಿಂದಲೇ ದೂರುಗಳು ಮೊದಲಾಗುತ್ತವೆ. ನಳದಲ್ಲಿ ನೀರು ಸರಿಯಾಗಿ ಬರುವುದಿಲ್ಲ; ವಿದ್ಯುತ್ತು ನಿಲ್ಲುತ್ತದೆ; ಸೊಳ್ಳೆಗಳ ಕಾಟ; ಅಂಗಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೆಲೆ; ಕಚೇರಿಯಲ್ಲಿ ನಾಳೆ ಬಾ ಎನ್ನುತ್ತಾರೆ; ಬಸ್ಸು ತುಂಬುವವರೆಗೆ ಹೊರಡುವುದಿಲ್ಲ. ಈ ದೂರುಗಳ ಪಟ್ಟಿಯಲ್ಲಿ ಅವನು ಹುಟ್ಟಿದ ಊರಿನಲ್ಲಿ ಇಲ್ಲದ್ದು ಯಾವುದು? ಕೊಡಪಾನ ಹೊತ್ತು ನೀರು ತಂದ ತಾಯಿಯ ಮಗ, ಕಂದೀಲಿನ ಬೆಳಕಿನಲ್ಲಿ ಓದಿ ಪರೀಕ್ಷೆ ಮುಗಿಸಿದವನು, ಆಲದ ಮರದ ಕೆಳಗೆ ಮೋಟಾರಿಗಾಗಿ ಅರ್ಧ ದಿನ ಕಾದವನು, ಈ ಸಂಗತಿಗಳಿಗೆ ಎಲ್ಲರಿಗಿಂತ ಬೇಗ ಹೊಂದಿಕೊಳ್ಳಬೇಕಾಗಿತ್ತು. ಆದರೆ ಅವನೇ ಎಲ್ಲರಿಗಿಂತ ಹೆಚ್ಚು ಸಿಡಿಮಿಡಿಗೊಳ್ಳುತ್ತಾನೆ.

ಇದರ ಕಾರಣ ನೀರಿನಲ್ಲಾಗಲಿ ಸೊಳ್ಳೆಯಲ್ಲಾಗಲಿ ಇಲ್ಲ. ತಾನು ಬಿಟ್ಟುಬಂದೆನೆಂದು ಬಗೆದ ಬಡತನವು ಸಾವಿರಾರು ಹರಿದಾರಿಯ ಆಚೆಗೆ ಮತ್ತೆ ಎದುರಿಗೆ ಬಂದು ನಿಂತಾಗ, ಅದರೊಡನೆ ತನಗೆ ಸಂಬಂಧವಿಲ್ಲವೆಂದು ತೋರಿಸಿಕೊಳ್ಳುವ ಆತುರ ಅವನಿಗೆ ಹುಟ್ಟುತ್ತದೆ. ಆ ಆತುರವೇ ತಾತ್ಸಾರದ ರೂಪ ತಾಳುತ್ತದೆ. ‘ಈ ಜನ ಹೀಗೆಯೇ’ ಎಂದು ಅವನು ಅನ್ನುವಾಗ ಅನ್ನಿಸಿಕೊಂಡವರು ಅಲ್ಲಿಯ ಜನರಷ್ಟೇ ಅಲ್ಲ. ಅವನ ಅಜ್ಜನೂ ಅಜ್ಜಿಯೂ ಆ ಮಾತಿಗೆ ಗುರಿಯಾಗುತ್ತಾರೆ. ಪರನಾಡಿನ ಬಡವನನ್ನು ಹೀನವಾಗಿ ಕಾಣುವವನು ತನ್ನ ತವರಿನ ಒಲೆಯನ್ನೇ ಹಳಿಯುತ್ತಿರುತ್ತಾನೆ. ಹೊಂದಿಕೆಗೆ ನಿಜವಾದ ಅಡ್ಡಿ ಅನನುಕೂಲತೆಯಲ್ಲ, ಈ ತಾತ್ಸಾರ ಎಂಬುದೇ ಈ ಲೇಖನದ ಅಭಿಪ್ರಾಯ.

ತಾತ್ಸಾರವನ್ನು ಬದಿಗಿಟ್ಟು ನೋಡಿದರೆ ಪರದೇಶದ ನಿತ್ಯಜೀವನವು ಕನ್ನಡಿಗನಿಗೆ ತೀರ ಅಪರಿಚಿತವಾಗಿ ಉಳಿಯುವುದಿಲ್ಲ. ಪೂರ್ವ ಆಫ್ರಿಕಾದ ಸ್ವಾಹಿಲಿ ನುಡಿಯ ನಾಡುಗಳಲ್ಲಿಯೂ ಇಥಿಯೋಪಿಯದಲ್ಲಿಯೂ ಗಂಟೆಯ ಎಣಿಕೆ ಮುಂಜಾನೆಯಿಂದ ಮೊದಲಾಗುತ್ತದೆ. ಬೆಳಗಿನ 7 ಗಂಟೆಯನ್ನು ಅಲ್ಲಿಯವರು ‘ಒಂದು ಗಂಟೆ’ ಎನ್ನುತ್ತಾರೆ. ಇದನ್ನರಿಯದ ಹೊಸಬನು ಹೇಳಿದ ಹೊತ್ತಿಗೆ ಆರು ಗಂಟೆ ತಪ್ಪಿ ಹೋಗಿ, ಆ ಜನಕ್ಕೆ ಸಮಯದ ಪರಿವೆಯಿಲ್ಲವೆಂದು ನಗುತ್ತಾನೆ. ಸೂರ್ಯೋದಯದಿಂದ ಘಳಿಗೆಗಳನ್ನು ಎಣಿಸುವ ಪಂಚಾಂಗವನ್ನು ಮನೆಯ ಗೋಡೆಗೆ ತೂಗುಹಾಕಿದ ಮನೆತನದಿಂದ ಹೋದವನು ನಗಬೇಕಾದುದಿಲ್ಲ. ತನ್ನ ಅಜ್ಜನ ಲೆಕ್ಕವೇ ಇದು ಎಂದು ನೆನೆದರೆ ಸಾಕು. ಅಂತೆಯೇ ಸ್ವಾಹಿಲಿ ನಾಡಿನಲ್ಲಿ ಕುಶಲ ಕೇಳದೆ ನೇರವಾಗಿ ವ್ಯವಹಾರಕ್ಕೆ ಇಳಿಯುವುದು ಒರಟುತನ. ಮನೆಯವರು, ಮಕ್ಕಳು, ಕೆಲಸ ಎಲ್ಲವನ್ನೂ ವಿಚಾರಿಸಿದ ಮೇಲೆಯೇ ಬಂದ ಕಾರ್ಯದ ಮಾತು. ಹಿರೇಕೆರೂರಿನ ಸಂತೆಯಲ್ಲಿಯೂ ‘ಆರಾಮ ಅದೀರಿ? ಮಳಿ ಹೆಂಗ?’ ಎನ್ನದೆ ಎತ್ತಿನ ಬೆಲೆ ಕೇಳಿದವನಿಗೆ ಮರ್ಯಾದೆಯಿಲ್ಲ.

ಊಟದ ವಿಷಯವಂತೂ ಇನ್ನೂ ಸ್ವಾರಸ್ಯಕರವಾಗಿದೆ. ಸೂಡಾನಿನಲ್ಲಿ ಹುಳಿಬಂದ ಜೋಳದ ಹಿಟ್ಟಿನಿಂದ ತೆಳ್ಳಗೆ ಹುಯ್ಯುವ ಕಿಸ್ರಾ ಎಂಬ ರೊಟ್ಟಿ ನಿತ್ಯದ ಆಹಾರ. ಕೀನ್ಯಾ, ತಾಂಜಾನಿಯಾಗಳಲ್ಲಿ ಗೋವಿನಜೋಳದ ಹಿಟ್ಟಿನ ಮುದ್ದೆಯನ್ನು ಕೈಯಿಂದ ಮುರಿದು, ಬೆರಳಿನಿಂದ ಕುಳಿಮಾಡಿ, ಸೊಪ್ಪಿನ ಪಲ್ಯದಲ್ಲಿ ಅದ್ದಿ ಉಣ್ಣುತ್ತಾರೆ. ಉತ್ತರ ಕರ್ನಾಟಕದವನು ಇದನ್ನು ಕಂಡು ಮೂಗು ಮುರಿಯುವ ಮೊದಲು ತನ್ನ ತಾಟಿನಲ್ಲಿರುವುದು ಎಲ್ಲಿಂದ ಬಂದಿತೆಂದು ವಿಚಾರಿಸಬೇಕು. ಜೋಳವು ಮೊದಲು ಬೇಸಾಯಕ್ಕೆ ಬಂದುದು ಸೂಡಾನಿನ ಸೀಮೆಯಲ್ಲಿ ಎಂಬುದು ಸಸ್ಯವಿಜ್ಞಾನಿಗಳ ನಿರ್ಣಯ. ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡುಗಳೇ. ಹಾವೇರಿ ಜಿಲ್ಲೆಯ ಹೊಲಗಳನ್ನು ಇಂದು ತುಂಬಿರುವ ಗೋವಿನಜೋಳ, ಚಟ್ನಿಯ ಶೇಂಗಾ, ಲೋಕಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿ ಇವೆಲ್ಲವುಗಳ ಮೂಲ ಅಮೆರಿಕ ಖಂಡ. ಅವು ಇತ್ತ ಬಂದುದು ಪೋರ್ತುಗೀಜರ ಕಾಲದಿಂದ ಈಚೆಗೆ. ರೊಟ್ಟಿ, ಖಾರ, ಶೇಂಗಾಪುಡಿ ಎಂಬ ಈ ‘ಅಪ್ಪಟ ದೇಶೀಯ’ ಊಟದಲ್ಲಿ ಮೂರೂ ಪರದೇಶದವು! ಅವು ಬಂದವು, ಈ ಮಣ್ಣಿಗೆ ಹೊಂದಿಕೊಂಡವು, ಈ ನಾಡಿನವೇ ಆದವು. ಹಳಗನ್ನಡದ ‘ಪೊರ್ದು’ ಎಂಬ ಧಾತುವಿನಿಂದ ಬಂದ ‘ಹೊಂದು’ ಎಂಬ ಶಬ್ದಕ್ಕೆ ಸೇರು ಎಂಬ ಅರ್ಥವೂ ಇದೆ, ಪಡೆ ಎಂಬ ಅರ್ಥವೂ ಇದೆ. ಸೇರದೆ ಪಡೆಯಲಾಗದು ಎಂಬುದನ್ನು ನುಡಿಯೇ ಸೂಚಿಸುತ್ತಿದೆ.

ಕಾಳುಕಡ್ಡಿಗಳ ಮಾತು ಹಾಗಿರಲಿ. ಮನುಷ್ಯರು ಹೀಗೆ ಹೊಂದಿಕೊಂಡುದಕ್ಕೆ ನಿದರ್ಶನವನ್ನು ಹುಡುಕಲು ಸಮುದ್ರ ದಾಟಬೇಕಾಗಿಲ್ಲ. ಹಾನಗಲ್ಲ ತಾಲ್ಲೂಕಿನ ಎಲ್ಲೆ ದಾಟಿದರೆ ಮುಂಡಗೋಡ. 1959ರಲ್ಲಿ ಟಿಬೆಟ್ಟನ್ನು ತೊರೆದು ಬಂದ ಜನರಿಗೆ ಅಲ್ಲಿ ಆಶ್ರಯ ದೊರೆತುದು 1966ರಲ್ಲಿ. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಎಸ್. ನಿಜಲಿಂಗಪ್ಪನವರು, ಅವರ ಔದಾರ್ಯವನ್ನು ದಲಾಯಿ ಲಾಮಾ ಅವರು ಹಲವು ಸಲ ಕೃತಜ್ಞತೆಯಿಂದ ನೆನೆದಿದ್ದಾರೆ. ಹಿಮದ ಪ್ರಸ್ಥಭೂಮಿಯಲ್ಲಿ ಚಮರೀಮೃಗಗಳನ್ನು ಮೇಯಿಸಿಕೊಂಡು, ಜವೆಗೋದಿಯ ಹಿಟ್ಟನ್ನು ಉಂಡು, ಉಣ್ಣೆಯನ್ನು ಹೊದ್ದು ಬಾಳಿದ್ದವರು ಮಲೆನಾಡಿನ ಸೆರಗಿನ ಕಾಡಿಗೆ ಬಂದು ಬಿದ್ದರು. ಬಿಸಿಲು ಹೊಸದು, ಬಿಡದ ಮಳೆ ಹೊಸದು, ಜ್ವರ ಹೊಸದು, ನುಡಿ ಹೊಸದು. ಭಿಕ್ಷುಗಳಲ್ಲಿ ಅನೇಕರು ಮೊದಲು ಬಂಗಾಲದ ಬಕ್ಸಾ ಎಂಬಲ್ಲಿ ಹಿಂದೆ ಸೆರೆಮನೆಯಾಗಿದ್ದ ಕೋಟೆಯಲ್ಲಿ ವರ್ಷಗಟ್ಟಲೆ ಕಳೆದು, ಕ್ಷಯರೋಗದಿಂದ ಬಹುಮಂದಿ ಸಂಗಾತಿಗಳನ್ನು ಕಳೆದುಕೊಂಡು ಬಂದವರು. ಅವರು ಸೇರಿದ ದೇಶವೂ ಆಗ ಸಿರಿವಂತ ದೇಶವಾಗಿರಲಿಲ್ಲ. 1965 ಮತ್ತು 1966 ಭಾರತಕ್ಕೆ ಮಳೆ ಕೈಕೊಟ್ಟ ವರ್ಷಗಳು. ದೇಶವು ಪರದೇಶದ ಗೋದಿಗೆ ಕೈಚಾಚಿದ್ದ ಕಾಲವದು.

ಆ ಜನ ಮಾಡಿದುದೇನು? ಕಾಡು ಕಡಿದ ನೆಲವನ್ನು ಉತ್ತು ಗೋವಿನಜೋಳವನ್ನೂ ಭತ್ತವನ್ನೂ ಬೆಳೆಯುವುದನ್ನು ಕಲಿತರು. ಸಹಕಾರ ಸಂಘ ಕಟ್ಟಿಕೊಂಡರು. ಚಳಿಗಾಲದಲ್ಲಿ ಊರೂರು ತಿರುಗಿ ಬೀದಿಬದಿಯಲ್ಲಿ ಉಣ್ಣೆಯ ಅಂಗಿಗಳನ್ನು ಮಾರಿದರು. ಸಂತೆಗೆ ಬೇಕಾದ ಕನ್ನಡವನ್ನು ಸಂತೆಯಲ್ಲಿಯೇ ಕಲಿತರು. ಸುತ್ತಲಿನ ಹಳ್ಳಿಗರಿಗೆ ಕೆಲಸ ಕೊಟ್ಟರು, ಅವರಿಂದ ಬೇಸಾಯದ ಮರ್ಮಗಳನ್ನು ಕೇಳಿ ತಿಳಿದರು. ಇದರಿಂದ ಅವರು ತಮ್ಮತನವನ್ನು ಕಳೆದುಕೊಂಡರೆ? ಇಲ್ಲ. ಲಾಸಾ ನಗರದ ಬಳಿಯಲ್ಲಿದ್ದ ಗಾಂದೆನ್, ದ್ರೆಪುಂಗ್ ಎಂಬ ಮಹಾವಿಹಾರಗಳು ಮುಂಡಗೋಡದಲ್ಲಿ ಮರುಹುಟ್ಟು ಪಡೆದವು. ತರ್ಕದ ವಾದಸಭೆಗಳು ಅಂಗಳದಲ್ಲಿ ಇಂದಿಗೂ ಕೈಚಪ್ಪಾಳೆಯೊಡನೆ ನಡೆಯುತ್ತಿವೆ. ಹೊಂದಿಕೊಂಡರೆ ಸಂಸ್ಕೃತಿ ಹೋಗುತ್ತದೆ ಎಂದು ಅಂಜುವವರು ಒಮ್ಮೆ ಅಲ್ಲಿಗೆ ಹೋಗಿಬರಬೇಕು. ಬೀದಿಯಲ್ಲಿ ಕನ್ನಡ, ಮನೆಯಲ್ಲಿ ಟಿಬೆಟನ್. ಹೊಲದಲ್ಲಿ ಈ ನಾಡಿನ ಬೆಳೆ, ಗುಡಿಯಲ್ಲಿ ಆ ನಾಡಿನ ಮಂತ್ರ. ಅಲ್ಲಿ ಎಲ್ಲವೂ ಸುಗಮವಾಗಿದೆಯೆಂದು ಇದರ ಅರ್ಥವಲ್ಲ. ನೆಲ ಅವರ ಸ್ವಂತದ್ದಲ್ಲ, ಸರಕಾರ ಗೇಣಿಗೆ ಕೊಟ್ಟದ್ದು. ಪರದೇಶದವರೆಂಬ ನೋಂದಣಿಯ ಪತ್ರವನ್ನು ಅವರು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಿರಬೇಕು. ಎಳೆಯರು ಪಶ್ಚಿಮದ ದೇಶಗಳಿಗೆ ಹೊರಟುಹೋಗುತ್ತಿದ್ದಾರೆ. ಆದರೂ ಅರುವತ್ತು ವರ್ಷಗಳ ಆ ಬಾಳುವೆಯಲ್ಲಿ ಆತಿಥೇಯ ನಾಡನ್ನು ಹೀನವೆಂದು ಬಗೆಯದೆ ಕಲಿತವರ ಸಹನೆ ಎದ್ದು ಕಾಣುತ್ತದೆ.

ಕನ್ನಡಕ್ಕೆ ಚಿರಪರಿಚಿತನಾದ ಇನ್ನೊಬ್ಬ ಪರದೇಶದವನುಂಟು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ ಬಾಸೆಲ್ ಮಿಶನ್ನಿನ ವತಿಯಿಂದ 1853ರಲ್ಲಿ ಮಂಗಳೂರಿಗೆ ಬಂದಿಳಿದಾಗ ಅವನಿಗೆ 21 ವರ್ಷ. ಬಂದುದು ಕ್ರೈಸ್ತಧರ್ಮದ ಪ್ರಚಾರಕ್ಕೆ. ಆದರೆ ಹುಬ್ಬಳ್ಳಿ–ಧಾರವಾಡದ ಸೀಮೆಯಲ್ಲಿ ಹಳ್ಳಿಗಳನ್ನು ಕಾಲ್ನಡಿಗೆಯಿಂದ ತಿರುಗಿ ಜನರ ಬಾಯಿಂದಲೇ ನುಡಿಯನ್ನು ಕಲಿತ. ಪಂಡಿತರ ಬಳಿ ಕುಳಿತು ಹಳಗನ್ನಡ ಓದಿದ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದ. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಕನ್ನಡದ ಕೈಗಿತ್ತ. ಆ ನಿಘಂಟಿನ ಪುಟ ತಿರುವಿದರೆ ಕಾವ್ಯದ ಶಬ್ದಗಳ ಪಕ್ಕದಲ್ಲಿಯೇ ಒಕ್ಕಲಿಗನ, ಅಡುಗೆಮನೆಯ, ಹಟ್ಟಿಯ ಮಾತುಗಳೂ ಗಾದೆಗಳೂ ಸಾಲುಗೊಂಡಿವೆ. ಬಂಗಲೆಯಲ್ಲಿ ಕುಳಿತು ಸೇವಕರಿಗೆ ಅಪ್ಪಣೆ ಮಾಡಲು ಬೇಕಾದಷ್ಟೇ ಕನ್ನಡ ಕಲಿತಿದ್ದರೆ ಆ ಗಾದೆಗಳು ಅವನ ಕಿವಿಗೆ ಬೀಳುತ್ತಿರಲಿಲ್ಲ. ಅವನ ಕಾಲದಲ್ಲಿ ಇಲ್ಲಿದ್ದ ಬಿಳಿಯ ಅಧಿಕಾರಿಗಳು ಎಷ್ಟೋ ಮಂದಿ. ಅವರಲ್ಲಿ ಬಹುಪಾಲಿನವರ ಹೆಸರು ಇಂದು ಯಾರಿಗೂ ಬೇಡವಾಗಿದೆ. ಕಿಟ್ಟೆಲನ ಧರ್ಮವನ್ನು ಒಪ್ಪದವರೂ ಅವನ ನಿಘಂಟನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಪರದೇಶದಲ್ಲಿ ಮನುಷ್ಯನನ್ನು ಉಳಿಸುವುದು ಅವನು ಕೊಟ್ಟ ಆಜ್ಞೆಯಲ್ಲ, ಅವನು ಕಲಿತ ನುಡಿ.

ಕಿಟ್ಟೆಲನಂಥವರು ವಿದ್ವಾಂಸರು, ಸಾಮಾನ್ಯರಿಗೆ ಇದು ಸಾಧ್ಯವೇ ಎಂದು ಕೇಳಬಹುದು. ಅದಕ್ಕೆ ಉತ್ತರವನ್ನು ನೆರೆಯ ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಹಕ್ಕಿಪಿಕ್ಕಿ ಜನರು ಕೊಟ್ಟಿದ್ದಾರೆ. ಹಕ್ಕಿ ಹಿಡಿದು ಬಾಳುತ್ತಿದ್ದ ಈ ಅಲೆಮಾರಿಗಳ ಕಸುಬು 1972ರ ವನ್ಯಜೀವಿ ಸಂರಕ್ಷಣೆಯ ಶಾಸನದಿಂದ ನಿಂತುಹೋಯಿತು. ಮನೆಯಲ್ಲಿ ಗುಜರಾತಿಯನ್ನು ಹೋಲುವ ವಾಗ್ರಿ, ಹೊರಗೆ ಕನ್ನಡ. ಇವರು ಬೇರು, ಎಣ್ಣೆ, ಮೂಲಿಕೆಗಳನ್ನು ಮಾರುತ್ತ ಊರಿನಿಂದ ಊರಿಗೆ, ಕೊನೆಗೆ ಆಫ್ರಿಕಾದ ದೇಶದೇಶಗಳಿಗೆ ಹೋದರು. ಪದವಿಯಿಲ್ಲ, ದೊಡ್ಡ ಕಂಪನಿಯ ಬೆಂಬಲವಿಲ್ಲ. ಪರನಾಡಿನ ಪೇಟೆಯಲ್ಲಿ ನೆಲದ ಮೇಲೆ ಕುಳಿತು, ಕೊಳ್ಳುವವರ ಮಾತನ್ನು ಕೇಳಿ ಕೇಳಿ ಕಲಿತು ಬದುಕಿದರು. ಇಂಥವರು ಅಲ್ಲಿದ್ದಾರೆಂಬುದು ಕನ್ನಡನಾಡಿನ ಬಹುಮಂದಿಗೆ ತಿಳಿದುದು 2023ರ ಏಪ್ರಿಲಿನಲ್ಲಿ, ಸೂಡಾನಿನಲ್ಲಿ ಸೇನೆಯ ಎರಡು ಬಣಗಳ ನಡುವೆ ಯುದ್ಧ ಹೊತ್ತಿಕೊಂಡು ಅವರಲ್ಲಿ ಹಲವರು ಸಿಕ್ಕಿಬಿದ್ದಾಗ. ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಭಾರತ ಸರಕಾರ ಆಗ 3,000ಕ್ಕೂ ಹೆಚ್ಚು ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಕರೆತಂದಿತು.

ಹೊಂದಿಕೆಯೊಂದೇ ಮನುಷ್ಯನನ್ನು ಎಲ್ಲ ಆಪತ್ತುಗಳಿಂದಲೂ ಕಾಯುತ್ತದೆಂದು ಹೇಳಲಾಗದು ಎಂಬುದನ್ನೂ ಈ ಪ್ರಸಂಗ ತೋರಿಸುತ್ತದೆ. 1972ರಲ್ಲಿ ಇದಿ ಅಮೀನನು 90 ದಿನಗಳ ಗಡುವು ಕೊಟ್ಟು ಏಷ್ಯಾದವರನ್ನು ಉಗಾಂಡಾದಿಂದ ಹೊರದೂಡಿದಾಗ, ಅಲ್ಲಿಯೇ ಹುಟ್ಟಿ ಬೆಳೆದವರೂ ಗಂಟುಮೂಟೆ ಕಟ್ಟಬೇಕಾಯಿತು. ಹಾವೇರಿ ಜಿಲ್ಲೆ ಎಂದಿಗೂ ಮರೆಯಲಾರದ ದುಃಖವೊಂದುಂಟು. ಇಲ್ಲಿ ವೈದ್ಯವಿದ್ಯೆಯ ಶುಲ್ಕ ತೆರಲಾರದೆ ಯುಕ್ರೇನಿಗೆ ಹೋಗಿದ್ದ ಈ ಜಿಲ್ಲೆಯ ವಿದ್ಯಾರ್ಥಿಯೊಬ್ಬನು 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಆಹಾರ ತರಲೆಂದು ಹೊರಬಂದವನು ಶೆಲ್ ದಾಳಿಗೆ ಬಲಿಯಾದನು. ಅನ್ನ ತರುವ ನಿತ್ಯದ ಕೆಲಸವೇ ಕೊನೆಯ ಕೆಲಸವಾಯಿತು. ಇಂಥ ವಿಧಿಗೆ ಯಾವ ಪಾಠವೂ ಪರಿಹಾರವಲ್ಲ. ಆದರೆ ನೆರೆಯವರ ನುಡಿ ಬಲ್ಲವನಿಗೆ ಆಪತ್ತಿನ ಸುಳಿವು ಬೇಗ ಸಿಗುತ್ತದೆ, ಬಾಗಿಲು ಬೇಗ ತೆರೆಯುತ್ತದೆ. ಗೋಡೆಯ ಒಳಗೇ ಬಾಳಿದವನಿಗೆ ಬೆಂಕಿ ಅಂಗಳಕ್ಕೆ ಬಂದ ಮೇಲೆಯೇ ಗೊತ್ತಾಗುತ್ತದೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಪರನಾಡಿನಲ್ಲಿ ಮರ್ಯಾದೆ ಬೇಡುವವರು ತಮ್ಮ ನಾಡಿಗೆ ಬಂದವರನ್ನು ಹೇಗೆ ನಡೆಸಿಕೊಂಡರೆಂಬ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ಆಫ್ರಿಕಾದ ವಿದ್ಯಾರ್ಥಿಗಳಿಗೆ ಕರ್ನಾಟಕವೇ ಪರದೇಶ. ಭಾರತವೇ ಅಭಿವೃದ್ಧಿಶೀಲ ದೇಶ. ಇಲ್ಲಿಯ ಖಾರ, ಇಲ್ಲಿಯ ಬಸ್ಸು, ಇಲ್ಲಿಯ ಕಚೇರಿ, ಬಾಡಿಗೆಯ ಮನೆ ಕೊಡದ ಇಲ್ಲಿಯ ಮಾಲಿಕ, ಇವೆಲ್ಲಕ್ಕೂ ಅವರು ಹೊಂದಿಕೊಳ್ಳಬೇಕು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟದ ಬಳಿ ನಡೆದುದನ್ನು ನೆನೆದರೆ ತಲೆ ತಗ್ಗಿಸಬೇಕಾಗುತ್ತದೆ. ಸೂಡಾನಿನವನೊಬ್ಬನ ಕಾರು ಹಾಯ್ದು ಸ್ಥಳೀಯ ಹೆಂಗಸೊಬ್ಬಳು ಸತ್ತಳು. ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಮೈಬಣ್ಣವೊಂದೇ ಅವಳ ಅಪರಾಧ. ಇದೇ ನಾಡಿನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ಆಫ್ರಿಕಾದ ಮೂಲದ ಸಿದ್ದಿ ಜನರು ನೂರಾರು ವರ್ಷಗಳಿಂದ ಬಾಳಿದ್ದಾರೆ. ಅವರನ್ನೂ ಎಷ್ಟೋ ಪೇಟೆಗಳಲ್ಲಿ ಇಂದಿಗೂ ‘ಯಾವ ದೇಶದವರು’ ಎಂದು ಕೇಳುವುದು ತಪ್ಪಿಲ್ಲ. ಮನೆಗೆ ಬಂದ ಪರದೇಶದವನನ್ನು ಅರಿಯದವನು ತಾನು ಪರದೇಶದಲ್ಲಿ ಬಾಳುವುದನ್ನು ಕಲಿಯಲಾರ. ಎರಡೂ ಒಂದೇ ವಿದ್ಯೆಯ ಎರಡು ಮುಖಗಳು.

ಹಾಗೆಂದು ಪರದೇಶದಲ್ಲಿ ಕಂಡುದೆಲ್ಲಕ್ಕೂ ತಲೆಯಾಡಿಸಬೇಕೆಂದಲ್ಲ. ಲಂಚಕ್ಕೆ, ಅನ್ಯಾಯಕ್ಕೆ, ಹೆಣ್ಣುಮಕ್ಕಳ ಅವಮಾನಕ್ಕೆ ಹೊಂದಿಕೊಳ್ಳುವುದು ಹೊಂದಿಕೆಯಲ್ಲ, ಹೇಡಿತನ. ಕುಡಿಯುವ ನೀರನ್ನು ಕುದಿಸುವುದು, ಸೊಳ್ಳೆಪರದೆ ಕಟ್ಟುವುದು, ಪೀತಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ 10 ದಿನ ಮೊದಲೇ ಹಾಕಿಸಿಕೊಳ್ಳುವುದು ಇವೆಲ್ಲ ತಾತ್ಸಾರವಲ್ಲ, ವಿವೇಕ. ತಾತ್ಸಾರವಿರುವುದು ಎಚ್ಚರಿಕೆಯಲ್ಲಲ್ಲ, ಎಚ್ಚರಿಕೆಯ ಹೆಸರಿನಲ್ಲಿ ಮನುಷ್ಯರಿಂದ ದೂರ ನಿಲ್ಲುವುದರಲ್ಲಿ.

ಹಾಗಾದರೆ ಈ ವಿದ್ಯೆಯನ್ನು ಕಲಿಸುವ ಶಾಲೆ ಯಾವುದು? ಪರದೇಶವಾಸದ ಮೊದಲ ಪಾಠವನ್ನು ಮಠಗಳ ಪ್ರಸಾದನಿಲಯಗಳು ಬಹುಕಾಲದಿಂದ ಹೇಳಿಕೊಡುತ್ತ ಬಂದಿವೆ. ಹತ್ತು ವರ್ಷದ ಹುಡುಗನು ತಾಯಿಯ ಕೈತುತ್ತನ್ನು ಬಿಟ್ಟು ಟ್ರಂಕು ಹಿಡಿದು ನಿಲಯದ ಹೊಸ್ತಿಲು ದಾಟಿದ ದಿನವೇ ಅವನ ಪರದೇಶಯಾತ್ರೆ ಮೊದಲಾಗುತ್ತದೆ. ಅಪರಿಚಿತರ ನಡುವೆ ಚಾಪೆ ಹಾಸಿ ಮಲಗುವುದು, ಬಡಿಸಿದ್ದನ್ನು ಪ್ರಸಾದವೆಂದು ಉಣ್ಣುವುದು, ಸರದಿಯ ಮೇಲೆ ನೀರು ಸೇದುವುದು, ಬೇರೆ ಊರಿನ ಹುಡುಗನ ಬೇರೆ ಧಾಟಿಯ ಕನ್ನಡವನ್ನು ನಗದೆ ಕೇಳುವುದು, ಮನೆಯ ನೆನಪಿನಿಂದ ಅಳುವವನ ಬಳಿ ಕೂಡುವುದು ಇವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಪಾಠಗಳು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿ ಊರೂರ ವಟುಗಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದುದೂ, ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತುದೂ ಈ ಪಾಠವೇ.

ಈ ಪರಂಪರೆ ಇನ್ನೂ ಹಳೆಯದು. ಹಿರೇಕೆರೂರಿಗೆ ನೆರೆಯದಾದ ಬಳ್ಳಿಗಾವೆಯ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಶಾಸ್ತ್ರಗಳನ್ನು ಕಲಿಸುವ ಆ ಸ್ಥಾನವೇ ಬಡವರಿಗೆ, ಕುರುಡರಿಗೆ, ಕಿವುಡರಿಗೆ, ಹಲವು ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನವಿಕ್ಕುವ, ರೋಗಿಗಳಿಗೆ ಔಷಧ ಕೊಡುವ, ಎಲ್ಲ ಜೀವಿಗಳಿಗೆ ಅಭಯವೀಯುವ ಸ್ಥಾನವೂ ಆಗಿತ್ತು. ಅದೇ ಶತಮಾನದ ಕಲ್ಯಾಣಕ್ಕೆ ದೂರದೂರದಿಂದ ಶರಣರು ಬಂದರು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದನೆಂದೂ, ಅರಸೊತ್ತಿಗೆಯನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಹೊತ್ತು ಮಾರುತ್ತಿದ್ದನೆಂದೂ ಪ್ರತೀತಿಯುಂಟು. ಪರನಾಡಿಗೆ ಬಂದ ಅರಸನು ಅಲ್ಲಿಯ ಕೊರತೆಗಳನ್ನು ಎಣಿಸುತ್ತ ಕೂಡಲಿಲ್ಲ. ಕಟ್ಟಿಗೆ ಹೊತ್ತು ಬೀದಿಗಿಳಿದ. ಕಾಯಕವೆಂಬುದು ಪರದೇಶದವನನ್ನು ಊರಿನವನನ್ನಾಗಿ ಮಾಡುವ ಅತಿ ಹತ್ತಿರದ ದಾರಿ. ಜಂಗಮವೆಂದರೆ ಚಲಿಸುವುದು ಎಂದು ವಿದ್ಯಾರ್ಥಿಗಳಿಗೆ ವ್ಯುತ್ಪತ್ತಿ ಹೇಳಿದರೆ ಸಾಲದು. ಹೋದಲ್ಲಿ ತಲೆಬಾಗಿ ಕಲಿಯುವ ಚಲನೆ ಅದು ಎಂದು ಬಾಳಿ ತೋರಿಸಬೇಕು.

ವಿಷಾದದ ಸಂಗತಿಯೆಂದರೆ, ಇಂದು ಪ್ರಸಾದನಿಲಯಗಳೇ ಹಿನ್ನೆಲೆಗೆ ಸರಿಯುತ್ತಿವೆ. ದಾನಿಗಳ ಒಲವು ಹೊಸ ಕಟ್ಟಡದ ಕಡೆಗೆ, ಹೆಸರು ಕೆತ್ತಿದ ಕಮಾನಿನ ಕಡೆಗೆ, ಮನೆಯ ಬಾಗಿಲಿನಿಂದ ಮಕ್ಕಳನ್ನು ಎತ್ತಿಕೊಂಡು ಬರುವ ವಾಹನದ ಕಡೆಗೆ ಹೆಚ್ಚು. ಮಗ ಪರದೇಶಕ್ಕೆ ಹೋಗಬೇಕು, ಅದಕ್ಕಾಗಿ ಇಂಗ್ಲಿಷು ಬೇಕು, ಗಣಕಯಂತ್ರ ಬೇಕು ಎನ್ನುವ ತಂದೆಯ ಮಾತು ತಪ್ಪಲ್ಲ, ಅವೂ ಬೇಕು. ಆದರೆ ಮನೆಯ ಊಟವಲ್ಲದೆ ಬೇರೆ ಊಟ ಉಣ್ಣದ, ತನ್ನ ಓಣಿಯ ಹುಡುಗರಲ್ಲದೆ ಬೇರೆಯವರೊಡನೆ ಒಂದು ರಾತ್ರಿಯೂ ಕಳೆಯದ ಮಗ ನೈರೋಬಿಯಲ್ಲಿ ಹೇಗೆ ಬಾಳಿಯಾನು? ಇಂಗ್ಲಿಷು ಅವನನ್ನು ವಿಮಾನನಿಲ್ದಾಣ ದಾಟಿಸೀತು; ತರಕಾರಿ ಮಾರುವವಳ ನಗೆಯನ್ನು ಗೆಲ್ಲಿಸಲಾರದು.

ಆದುದರಿಂದ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಕೆಲವು ಸಣ್ಣ ಕಾರ್ಯಗಳನ್ನು ಮಾಡಬಹುದು. ಪ್ರಸಾದನಿಲಯವನ್ನು ಬಡಮಕ್ಕಳಿಗೆ ಮಾತ್ರವೆಂದು ಬಿಡದೆ, ಉಳ್ಳವರ ಮಕ್ಕಳೂ ವರ್ಷದಲ್ಲಿ ಒಂದು ತಿಂಗಳಾದರೂ ಅಲ್ಲಿ ಉಂಡು, ಮಲಗಿ, ಬಡಿಸಿ ಬರುವಂತೆ ನಿಯಮ ಮಾಡಬಹುದು. ಪ್ರವಾಸವೆಂದು ಅರಮನೆ, ಉದ್ಯಾನಗಳಿಗೆ ಕರೆದೊಯ್ಯುವ ಮಕ್ಕಳನ್ನು ಒಂದು ದಿನ ಮುಂಡಗೋಡಕ್ಕೆ ಕರೆದೊಯ್ದು ಅಲ್ಲಿಯ ಹಿರಿಯರ ಬಾಯಿಂದ ಮೊದಲ ವರ್ಷಗಳ ಕಥೆಯನ್ನು ಕೇಳಿಸಬಹುದು. ಧಾರವಾಡದಲ್ಲಿ ಓದುವ ಪರದೇಶದ ವಿದ್ಯಾರ್ಥಿಗಳನ್ನು ಶಾಲೆಯ ಉತ್ಸವಕ್ಕೆ ಅತಿಥಿಗಳಾಗಿ ಕರೆದು ಹಳ್ಳಿಯ ಮನೆಗಳಲ್ಲಿ ಎರಡು ದಿನ ಇಳಿಸಿಕೊಳ್ಳಬಹುದು. ರೊಟ್ಟಿಯ ಜೋಳ ಯಾರ ನಾಡಿನದೆಂದು ಮಕ್ಕಳು ಅವರೆದುರಿಗೇ ತಿಳಿಯಲಿ. ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಅಲ್ಲಿಯ ಸಂಬಳವನ್ನು ಹೇಳದೆ, ಅಲ್ಲಿಯ ನುಡಿಯ ಹತ್ತು ಮಾತುಗಳನ್ನು, ಅಲ್ಲಿಯ ನೆರೆಯವನ ಹೆಸರನ್ನು, ಅವನ ಮಕ್ಕಳ ಸುದ್ದಿಯನ್ನು ಹೇಳಲಿ. ಆ ಹೆಸರನ್ನೇ ಹೇಳಲಾರದವನು ಎಷ್ಟು ವರ್ಷ ಅಲ್ಲಿದ್ದರೂ ಅಲ್ಲಿ ಬಾಳಲಿಲ್ಲವೆಂದೇ ತಿಳಿಯಬೇಕು.

‘ದೇಶ ಸುತ್ತು, ಕೋಶ ಓದು’ ಎಂಬ ನಾಣ್ಣುಡಿಯಲ್ಲಿ ಸುತ್ತುವುದು ಮೊದಲು, ಓದುವುದು ಅನಂತರ. ಸುತ್ತಿಯೂ ಕಲಿಯದವನಿಗೆ ಕೋಶವೇನು ಮಾಡೀತು? ತಾತ್ಸಾರವನ್ನು ಮನೆಯಲ್ಲಿಯೇ ಬಿಟ್ಟು ಹೊರಟವನಿಗೆ ಯಾವ ನಾಡಿನಲ್ಲಿಯೂ ಒಂದು ತುತ್ತು, ಒಂದು ಮಾತು, ಒಂದು ಬಾಗಿಲು ತಪ್ಪುವುದಿಲ್ಲ. ಆಗ ‘ಪರದೇಶಿ’ ಎಂಬ ಶಬ್ದಕ್ಕೆ ಉಳಿಯುವುದು ಒಂದೇ ಅರ್ಥ. ಹಳ್ಳಿಯ ಮುದುಕಿ ಮರುಗಿ ಆಡಿದ ಎರಡನೆಯ ಅರ್ಥವು ನಿಘಂಟಿನ ಪುಟದಲ್ಲಿಯೇ ಉಳಿದೀತು.